ಮೋಟೆಬೆನ್ನೂರಿನ ಮಾಳಿಗೆ ಡಬ್ಬಿಯವರ ಸನ್ನಿಧಿಗೆ

ಮೋಟೆಬೆನ್ನೂರು
11-12-2008

ಮಾನ್ಯ ಡಬ್ಬಿಯವರೇ,

ವಾಚನಾಲಯದ ಮೇಲ್ವಿಚಾರಕ ಪ್ರಭುಲಿಂಗಪ್ಪ ಮಾಡುವ ಅನಂತ ನಮಸ್ಕಾರಗಳು. ಕೆಳಗೆ ನಾವು ಇದ್ದುದರಲ್ಲಿ ಕ್ಷೇಮ. ಮೇಲೆ ತಾವು ಕಾಗೆಗಳ ಸಹವಾಸದಲ್ಲಿ ಹಸಿರು ದೀಪ ಮಿನುಗಿಸುತ್ತ ನಮಗಿಂತ ಕ್ಷೇಮವಾಗಿರುವುದು ಊರಿಗೆಲ್ಲ ತಿಳಿದಿದೆ.

ತಂತಿಯೇ ಇಲ್ಲದೆ ಮಾಳಿಗೆಯಿಂದ ಮಾಳಿಗೆಗೆ ಇಂಟರ್‌ನೆಟ್ ದಾಟಿಸುತ್ತೀರಿ, ಹಾದಿಯನ್ನೂ ತಾವೇ ಆರಿಸಿಕೊಳ್ಳುತ್ತೀರಿ ಎಂದು ಕೇಳಿ, ದೀಪಾವಳಿಗೆ ಮುಂಚೆ ತಾವು ನಮ್ಮ ವಾಚನಾಲಯದ ಮಾಳಿಗೆಗೆ ಬಂದಿಳಿದಾಗ ನಾವು ತೆಂಗಿನಕಾಯಿ ಒಡೆದು ಬರಮಾಡಿಕೊಂಡೆವು. ಹೊರಜಗತ್ತಿಗೆ ತಮಗೆ ಎರಡು ಬಾಗಿಲು. ಬ್ಯಾಡಗಿಯ ಬಾಗಿಲಿಗೆ ಹಾಲಸಿದ್ದಪ್ಪನವರ ಹಿಟ್ಟಿನ ಗಿರಣಿ, ಶಾಲೆ, ಸೊಸೈಟಿ ಎಂದು ಮೂರು ಮಾಳಿಗೆಯ ಡಬ್ಬಿಗಳನ್ನು ದಾಟಬೇಕು, ಆದರೆ ಒಂದಕ್ಕೊಂದು ಕಣ್ಣಿಗೆ ಕಾಣುತ್ತವೆ. ಹಾವೇರಿಯ ಬಾಗಿಲಿಗೆ ನಡುವೆ ಇರುವುದು ಢಾಬಾದ ಒಂದೇ ಡಬ್ಬಿ, ಅದೂ ಬಲು ದೂರ, ಅಡ್ಡಕ್ಕೆ ಹುಣಸೆಮರಗಳ ಸಾಲು. ತಾವು ಆರಿಸಿದ್ದು ಹಾವೇರಿ.

ತಮ್ಮನ್ನು ಕೂರಿಸಿದ ಇಂಜಿನಿಯರ್ ವಿಜಯಮಹಾಂತೇಶ ಅವರನ್ನು ವಿಚಾರಿಸಿದೆ. "ಅದು ನಡುವ ಎಷ್ಟು ಡಬ್ಬಿ ಅದಾವ ಅಂತ ಅಷ್ಟ ಎಣಸ್ತೈತ್ರಿ ಸರ, ಹಾದಿ ಹೆಂಗೈತಿ ಅಂತ ನೋಡಂಗಿಲ್ರಿ" ಎಂದರು. ಇಷ್ಟು ಕಡಿಮೆ ವಿಚಾರಿಸಿ ನಮ್ಮ ಕಡೆ ಯಾರೂ ಎಮ್ಮೆಯನ್ನೂ ಕೊಳ್ಳುವುದಿಲ್ಲ. ತಮ್ಮ ವೈರಾಗ್ಯ ದೊಡ್ಡದು.

ಆದರೆ ಹೊಳಿಯವ್ವನವರಿಗೆ ಅಂಥ ವೈರಾಗ್ಯ ಇಲ್ಲ. ಮೆಣಸಿನಕಾಯಿ ಆರಿಸಿ ಬದುಕುವ ಹೆಂಗಸು, ಕಣ್ಣಿಗೆ ಪೊರೆ ಬಂದು ಕೆಂಪುಗಾಯಿ ಬಿಳಿಗಾಯಿ ಗೊತ್ತಾಗದೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಹಾವೇರಿಯ ಕಣ್ಣಿನ ಡಾಕ್ಟರು ವಾಚನಾಲಯದ ಕ್ಯಾಮೆರಾದಲ್ಲಿ ನೋಡುವುದು ಸೋಮವಾರ ಮಾತ್ರ. ಅದರಲ್ಲಿ ಡಾಕ್ಟರಿಗೆ ಕಣ್ಣು ಕಂಡರೆ ಪುಕ್ಕಟೆ ಆಪರೇಷನ್ನಿನ ಪಟ್ಟಿಗೆ ಹೆಸರು, ನವೆಂಬರಿನ ಕೊನೆಯ ಸೋಮವಾರ ಪಟ್ಟಿ ಬಂದ್. ತಮ್ಮ ಕೃಪೆಯಿಂದ ಮೊದಲ ವಾರ ಹೊಳಿಯವ್ವನವರ ಹಣೆ ಮಾತ್ರ ತಲುಪಿತು, ಎರಡನೆಯ ವಾರ ಒಂದು ಕಿವಿ ತಲುಪಿತು. "ಕಿವಿ ಚಲೋ ಅದಾವ" ಎಂದು ಡಾಕ್ಟರು ಹೇಳಿದರು.

ಆಮೇಲೆ ಇಂಜಿನಿಯರರು ತಾವು ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿ, ಕಳಿಸಿದ್ದರಲ್ಲಿ ಎಷ್ಟು ತಲುಪುತ್ತದೆ ಎಂದು ನೋಡಿ ಹಾದಿ ಹಿಡಿಯುವಂತೆ ಮಾಡಿದರು. ಮಂಗಳವಾರದಿಂದ ತಾವು ಬ್ಯಾಡಗಿಯ ಹಾದಿ ಹಿಡಿದಿರಿ, ಚಿತ್ರ ಕನ್ನಡಿಯಂತೆ ಬಂತು, ನನಗೆ ಅಳುವೇ ಬಂತು. ಕೊನೆಯ ಸೋಮವಾರ ಬೆಳಿಗ್ಗೆ ನೋಡಿದರೆ ಮತ್ತೆ ಹಾವೇರಿಯ ಹುಣಸೆಮರ.

ಗಿರಣಿಗೆ ಓಡಿದೆ. ಹಾಲಸಿದ್ದಪ್ಪನವರು ಗಿರಣಿಯ ಮಾಳಿಗೆಯ ಡಬ್ಬಿಯನ್ನು ಬಂದ್ ಮಾಡಿ, ಅದಕ್ಕೆ ವಿಭೂತಿ ಹಚ್ಚಿ ಕೂತಿದ್ದರು. "ಸೋಮವಾರ ನಾವು ಎತ್ತಿನ ಹೆಗಲ ಮ್ಯಾಲೆ ನೊಗಾ ಇಡಂಗಿಲ್ರಿ. ಇದೂ ವಾರೆಲ್ಲಾ ದುಡದೈತಿ, ಪಾಪ, ಒಂದಿನಾ ಮಲಗ್ಲಿ ಬಿಡ್ರಿ" ಎಂದರು. ಹೊಳಿಯವ್ವನವರ ಸಂಗತಿ ಹೇಳಿದ ಮೇಲೆ, ಬಸವಣ್ಣನ ಕ್ಷಮೆ ಕೇಳಿ ಸ್ವಿಚ್ ಹಾಕಿದರು. ಆದರೆ ಎದ್ದ ಡಬ್ಬಿಯನ್ನು ಮತ್ತೆ ನಂಬಲು ತಾವು ಒಂದು ತಾಸು ಯೋಚಿಸಿದಿರಿ.

ಅಷ್ಟರಲ್ಲಿ ಹೊಳಿಯವ್ವ ಬಸ್ಸು ಹತ್ತಿ ಹಾವೇರಿ ಸೇರಿದ್ದರು. ಅಲ್ಲಿ ಬಾಗಿಲು ಕಾಯುವವನು "ಮೋಟೆಬೆನ್ನೂರಿನವರನ್ನ ಕ್ಯಾಮೆರಾದಾಗ ಅಷ್ಟ ನೋಡ್ತಾರ, ನಿಮ್ಮೂರಿಗೆ ಹೋಗಿ ಕುಂದರ್ರಿ" ಎಂದನಂತೆ. "ಕಣ್ಣು ನನ್ನ ಸಂಗಾಟನ ಬಂದಾವೋ ತಮ್ಮಾ" ಎಂದು ಅವನನ್ನು ಸರಿಸಿ ಇವರು ಒಳಗೆ ಹೋದರು. ಖಾಲಿ ಪರದೆಗೆ ಹಲೋ ಹಲೋ ಎನ್ನುತ್ತಿದ್ದ ಡಾಕ್ಟರು ತಿರುಗಿ ನೋಡಿ, ಪಟ್ಟಿಯ ಕೊನೆಯ ಹೆಸರಾಗಿ ಬರೆದುಕೊಂಡರು. ಷರಾದಲ್ಲಿ "ಕ್ಯಾಮೆರಾ ಮೂಲಕ ನೋಡಲಾಗಿದೆ" ಎಂದಿದೆ, ಆದ್ದರಿಂದ ತಮಗೆ ಅಭಿನಂದನೆಗಳು.

ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ಹಾದಿ ಆರಿಸುವ ಮೊದಲು ತಾವು ಕೆಳಗಿಳಿದು, ಯಾವ ಹಾದಿ ಯಾವ ದಿನ ಕೈಕೊಡುತ್ತದೆ ಎಂದು ಬಲ್ಲ ನಮ್ಮೂರ ಬಸ್ಸಿನ ಕಂಡಕ್ಟರ್ ಶಂಕ್ರಪ್ಪನ ಪಕ್ಕ ಒಂದು ವಾರ ಕೂತು ಬರಬೇಕು, ಸೋಮವಾರ ಸೇರಿ.

ತಮ್ಮ ಪಾದದಡಿಯಲ್ಲೇ ಕುರ್ಚಿ ಹಾಕಿಕೊಂಡಿರುವ, ತಮ್ಮ ವಿಶ್ವಾಸಿ,
ಪ್ರಭುಲಿಂಗಪ್ಪ

ತಾ.ಕ.: ನಿನ್ನೆ ಹೊಳಿಯವ್ವನವರ ಆಪರೇಷನ್ ಚೆನ್ನಾಗಿ ಆಯಿತು, ನಾಳೆ ಕಟ್ಟು ಬಿಚ್ಚುತ್ತಾರೆ. ಮೊದಲು ತಮ್ಮನ್ನೇ ಕಣ್ತುಂಬ ನೋಡಬೇಕಂತೆ. ಏಣಿ ತರಿಸಿಡಲು ಹೇಳಿದ್ದಾರೆ, ಜೊತೆಗೆ ಒಂದು ಒನಕೆಯನ್ನೂ. ಎರಡನ್ನೂ ತಂದಿಟ್ಟಿದ್ದೇನೆ.