ಜಾಹೀರಾತಿಲ್ಲದ ಸಂಪುಟಗಳು

ಯಾವ ಕೆಲಸವನ್ನೇ ಆಗಲಿ, ಕ್ರಮಬದ್ಧವಾಗಿ ಮಾಡಿದರೆ ಅದು ಕೆಡುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಈ ವಾಕ್ಯದಲ್ಲಿ ಭೂತಕಾಲವನ್ನು ಬೇಕೆಂದೇ ಬಳಸಿದ್ದೇನೆ.

ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಬಹುಕಾಲ ಕನ್ನಡ ಕಲಿಸಿದವಳು. ಶಾಲೆಯ ಗ್ರಂಥಾಲಯದ ಹೊಣೆಯೂ ನನ್ನದೇ ಆಗಿತ್ತು. ವಿದ್ಯಾರ್ಥಿಗಳು ನನ್ನನ್ನು ಪ್ರೀತಿಸುತ್ತಿದ್ದರೆಂದು ಹೇಳಲಾರೆ. ನನ್ನೆದುರು ಯಾರೂ ಪೂರ್ಣವಿರಾಮವನ್ನು ಮರೆಯುತ್ತಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಶಾಲೆಯವರು ಕನ್ನಡ ಮಾಧ್ಯಮವನ್ನು ಮುಚ್ಚಿದ ಮೇಲೆ ಮನೆಯಲ್ಲಿದ್ದೇನೆ. ಆನೆಕೊಂಡ ಬಡಾವಣೆಯ ನಮ್ಮ ಮನೆಯಲ್ಲಿ ಈಗ ಸಾಸಿವೆಯ ಡಬ್ಬಿಗೂ ಶೀರ್ಷಿಕೆಯಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ತರಕಾರಿ ಮಾರುಕಟ್ಟೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಪ್ರಕಾಶ ಎದುರಾದ. ನನ್ನನ್ನು ಕಂಡ ತಕ್ಷಣ ಕೈಯಲ್ಲಿದ್ದ ಸೌತೆಕಾಯಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಹಳೆಯ ಅಭ್ಯಾಸ.

"ಹೋಟ್ಲು ಮಾಡ್ತಿದೀನಿ ಟೀಚರ್. ಹಳೇ ಕಾಲದ ಥರದ್ದು. ನಿಮ್ಮ ಕಡೆ ಹಳೇ ವಾರಪತ್ರಿಕೆ, ಮಾಸಪತ್ರಿಕೆ ಏನಾರ ಇದ್ರೆ ಹೇಳ್ರಿ. ಎಷ್ಟು ಹಳೇವಾದ್ರೆ ಅಷ್ಟು ಚಲೋ. ಒಳ್ಳೆ ರೇಟು ಕೊಡ್ತೀನಿ."

ನನ್ನ ಕಣ್ಣು ತುಂಬಿ ಬಂತು. ಪ್ರಬಂಧ ಬರೆಯೆಂದರೆ ಹೊಟ್ಟೆನೋವೆಂದು ಮನೆಗೆ ಓಡುತ್ತಿದ್ದ ಹುಡುಗ, ಇಂದು ತನ್ನ ಹೋಟೆಲಿನಲ್ಲಿ ವಾಚನಾಲಯ ತೆರೆಯುತ್ತಿದ್ದಾನೆ! ಪತ್ರಿಕೆಗಳು ಏತಕ್ಕೆ ಬೇಕೆಂದು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಪತ್ರಿಕೆಯನ್ನು ಓದುವುದಕ್ಕಲ್ಲದೆ ಮತ್ತೇತಕ್ಕೆ ಕೊಳ್ಳುತ್ತಾರೆ?

ನಮ್ಮ ಯಜಮಾನರಿಗೆ ಸೀರೆಯ ಫಾಲ್ಸು, ಲೈನಿಂಗ್ ಬಟ್ಟೆಗಳ ಅಂಗಡಿಯಿದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಅವರಿಗೆ ನನ್ನ ಯೋಜನೆಯನ್ನು ವಿವರಿಸಿದೆ.

"ರದ್ದಿ ಯಾಪಾರ ಅನ್ನು" ಎಂದರು ಅವರು, ರೊಟ್ಟಿ ಮುರಿಯುತ್ತ.

"ರದ್ದಿಯಲ್ಲ. ಹಳೆಯ ನಿಯತಕಾಲಿಕೆಗಳ ಲಾಭದಾಯಕ ಮರುಮಾರಾಟ ಎನ್ನಿ."

"ಅಷ್ಟು ಹೇಳಿ ಮುಗಿಸಾದ್ರಾಗೆ ರದ್ದಿಯವ ಬಂದು ತೂಕ ಹಾಕ್ಕೊಂಡು ಹೋಗಿರ್ತಾನೆ."

ಇಂಥ ಮಾತಿಗೆ ನಾನು ಉತ್ತರಿಸುವುದಿಲ್ಲ. ಹರಿಹರದಲ್ಲಿ ಮೈದುನನ ಮನೆಯಲ್ಲಿರುವ ನಮ್ಮ ಅತ್ತೆಯವರ ಬಳಿ ಟ್ರಂಕುಗಟ್ಟಲೆ ಹಳೆಯ ಪತ್ರಿಕೆಗಳಿರುವುದು ನನಗೆ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ಒಂದನ್ನೂ ಬಿಸಾಡದೆ ಅಟ್ಟಕ್ಕೇರಿಸಿದವರು ಅವರು. ಮರುದಿನವೇ ಹರಿಹರದ ಬಸ್ಸು ಹತ್ತಿದೆ.

ಅತ್ತೆಯವರು ಕಟ್ಟೆಯ ಮೇಲೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದರು. ಬಾಚುವುದಕ್ಕೆ ಈಗ ಏನೂ ಉಳಿದಿಲ್ಲ. ನಿಂಬೆಕಾಯಿಯಷ್ಟು ಬಿಳಿಯ ತುರುಬು. ಆದರೂ ಬಾಚಣಿಗೆ ಮಾತ್ರ ಮೊಣಕೈಯಷ್ಟು ಉದ್ದದ್ದು. ಅದನ್ನು ಕಂಡಾಗಲೇ ನಾನು ಯೋಚಿಸಬೇಕಿತ್ತು.

"ಒಯ್ಯವ್ವ, ಎಲ್ಲಾ ಒಯ್ಯಿ. ನನಗೀಗ ಅಕ್ಷರ ಕಾಣಂಗಿಲ್ಲ" ಎಂದರು. ಆಮೇಲೆ ಸೊಸೆಯಂದಿರು ಯಾರೂ ಹತ್ತಿರವಿಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿದರು. ನಾನೂ ಸೊಸೆಯೆಂಬುದು ಅವರಿಗೆ ಮರೆತಿರಬೇಕು. "ಒಂದು ಮಾತು. ಅದರಾಗೆ ಒಂದು ಪುಸ್ತಕದಾಗೆ ನನ್ನ ಫೋಟೋ ಐತೆ. ಅದೊಂದು ನನಗೆ ಬೇಕು. ಸಾಯಾದ್ರಾಗೆ ಒಂದ್ಸಲ ನೋಡಬೇಕು ಅಂತ ಆಸೆ. ಮಿಕ್ಕಿದ್ದು ಏನಾರ ಮಾಡ್ಕೋ."

ನಾನು ಬೆಕ್ಕಸ ಬೆರಗಾದೆ. ನಮ್ಮ ಅತ್ತೆಯವರು, ಪತ್ರಿಕೆಯಲ್ಲಿ!

"ಯಾವ ಪುಟದಲ್ಲಿ, ಅತ್ತೆ?"

"ನೀನು ಟೀಚರಲ್ಲೇನು? ಹುಡುಕು" ಎಂದವರೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಫೋಟೋವನ್ನು ಹುಡುಕಿ ಅವರ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟೆ.

ವಿಷಯ ಕೇಳಿ ನಮ್ಮ ಯಜಮಾನರೂ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ನಮ್ಮವ್ವನ ಫೋಟೋನಾ? ನಮ್ಮಪ್ಪ ಮದುವಿ ಫೋಟೋನೇ ತೆಗಿಸಿರಲಿಲ್ಲ. ಹೆಣ್ಮಕ್ಕಳ ಮುಖ ಪರರ ಮನೀಗೆ ಹೋಗಬಾರದು ಅಂತಿದ್ದ."

ಕಾರ್ಯ ಆರಂಭವಾಯಿತು. ಪತ್ರಿಕೆಗಳನ್ನು ಬಿಸಿಲಿಗೆ ಹರಡಿದೆ, ಧೂಳು ಕೊಡವಿದೆ, ವರ್ಷವಾರು ಜೋಡಿಸಿದೆ. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಯಜಮಾನರು ಹಿತ್ತಿಲ ಬಾಗಿಲಿನಿಂದ ಓಡಾಡತೊಡಗಿದರು. ಬಳಿಕ ಭೂತಗನ್ನಡಿ ಹಿಡಿದು ಪ್ರತಿಯೊಂದು ಪತ್ರಿಕೆಯಲ್ಲಿಯೂ ಅತ್ತೆಯವರ ಮುಖವನ್ನು ಹುಡುಕಿದೆ. ಒಬ್ಬ ಮರ್ಯಾದಸ್ಥ ಗೃಹಿಣಿಯ ಭಾವಚಿತ್ರ ಎಲ್ಲಿ ಅಚ್ಚಾಗಬಹುದು? ಓದುಗರ ಪುಟದಲ್ಲಿ, ಇಲ್ಲವೇ ಅಡುಗೆಯ ಪುಟದಲ್ಲಿ. ಜಾಹೀರಾತುಗಳ ಕಡೆಗೆ ನಾನು ಕಣ್ಣೆತ್ತಿಯೂ ನೋಡಲಿಲ್ಲ. ಜಾಹೀರಾತನ್ನು ನೋಡದಿರುವುದು ನನ್ನ ಶಿಸ್ತು.

ಕೊನೆಗೊಂದು ಅಡುಗೆಯ ಪುಟದಲ್ಲಿ ಸಂಡಿಗೆಯ ತಟ್ಟೆ ಹಿಡಿದ ಮಹಿಳೆಯೊಬ್ಬಳು ಸಿಕ್ಕಳು. ಹೆಸರು ಅಚ್ಚಾಗಿರಲಿಲ್ಲ. ಆದರೆ ಆ ಮೂಗು! ನಮ್ಮ ಅತ್ತೆಯವರದೇ, ನಮ್ಮ ಯಜಮಾನರಿಗೂ ಇಳಿದು ಬಂದಿರುವ ಅದೇ ಮೂಗು.

"ನಮ್ಮವ್ವಗೆ ಸಂಡಿಗೆ ಮಾಡಾಕೆ ಬರಂಗಿಲ್ಲ. ಪಕ್ಕದ ಮನಿಯಿಂದ ತರ್ತಿದ್ಲು" ಎಂದರು ಅವರು.

"ಮೂಗಿನ ಸಾಕ್ಷ್ಯ ಸಾಕು" ಎಂದೆ. ಆ ಪುಟಕ್ಕೆ ಗಾಜಿನ ಚೌಕಟ್ಟು ಹಾಕಿಸಿದೆ.

ಇನ್ನು ಉಳಿದದ್ದು ಮಾರಾಟದ ಸಿದ್ಧತೆ. ಬಿಡಿಬಿಡಿಯಾದ, ಅಂಚು ಹರಿದ, ತುಕ್ಕುಹಿಡಿದ ಪಿನ್ನಿನ ಪತ್ರಿಕೆಗಳನ್ನು ಹಾಗೆಯೇ ಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು? ಶಾಲೆಯ ಗ್ರಂಥಾಲಯದಲ್ಲಿ ಪ್ರತಿವರ್ಷ ನಾವು ಪಾಲಿಸುತ್ತಿದ್ದ ಪದ್ಧತಿಯನ್ನೇ ಇಲ್ಲಿಯೂ ಅನುಸರಿಸಿದೆ. ಬೈಂಡಿಂಗಿನವನಿಂದ ಪಿನ್ನು ತೆಗೆಸಿದೆ. ರಕ್ಷಾಪುಟಗಳನ್ನು ತೆಗೆಸಿದೆ. ನಡುನಡುವೆ ಬರುವ ಬಣ್ಣದ ಜಾಹೀರಾತಿನ ಹಾಳೆಗಳನ್ನೆಲ್ಲ ಕೀಳಿಸಿದೆ. ಮೂರು ಕಡೆಯ ಅಂಚನ್ನು ಕೊಯ್ಯಿಸಿ, ದಪ್ಪ ರಟ್ಟು ಹಾಕಿಸಿ, ಬೆನ್ನಿಗೆ ಚಿನ್ನದ ಬಣ್ಣದಲ್ಲಿ ಸಂಪುಟಸಂಖ್ಯೆ ಒತ್ತಿಸಿದೆ. ಕಥೆಯ ಪಕ್ಕದಲ್ಲೇ ಅರ್ಧಪುಟದ ಜಾಹೀರಾತು ಬಂದಲ್ಲಿ ಏನು ಮಾಡುವುದು? ಬೈಂಡಿಂಗಿಗೆ ಕೊಡುವ ಮೊದಲೇ ನಾನು ಕುಳಿತು ಅವುಗಳ ಮೇಲೆ ಮೈದಾ ಅಂಟಿನಿಂದ ಬಿಳಿಯ ಹಾಳೆ ಅಂಟಿಸಿದ್ದೆ. ಒಂದನ್ನೂ ಬಿಡಲಿಲ್ಲ.

"ಬಣ್ಣದ್ದೆಲ್ಲ ಕಿತ್ತು ಕರೇದು ಇಟ್ಕೊಂಡೀಯಲ್ಲೇ" ಎಂದರು ಯಜಮಾನರು.

"ಸೋಪು ಸಾಹಿತ್ಯವಲ್ಲ" ಎಂದೆ.

ಕಿತ್ತ ಹಾಳೆಗಳೂ ರಕ್ಷಾಪುಟಗಳೂ ಸೇರಿ ಒಂದು ಗೋಣಿಚೀಲ ತುಂಬಿದವು. ಅವುಗಳನ್ನು ನಮ್ಮ ಬೀದಿಯ ತಿರುವಿನಲ್ಲಿ ಮಂಡಕ್ಕಿ-ಮಿರ್ಚಿಯ ಗಾಡಿಯಿಟ್ಟಿರುವ ಚನ್ನಬಸಪ್ಪನಿಗೆ ಕೊಟ್ಟೆ. ಲೋಕಿಕೆರೆಯ ಕಡೆಯವನು. ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಬಹಳ ಸಂತೋಷಪಟ್ಟ.

"ಗಟ್ಟಿ ಅದಾವ್ರಿ ಅಕ್ಕಾರ. ಎಣ್ಣಿ ಬೇಗ ಇಳಿಯಂಗಿಲ್ಲ" ಎಂದು ಬಿಸಿಬಿಸಿ ಮಿರ್ಚಿ ಕಟ್ಟಿಕೊಟ್ಟ. ದುಡ್ಡು ಬೇಡವೆಂದ. ಇಡೀ ಪ್ರಕರಣದಲ್ಲಿ ನನಗೆ ದೊರೆಯಲಿದ್ದ ಒಟ್ಟು ಲಾಭ ಅದೇ ಎಂಬುದು ಆಗ ತಿಳಿದಿರಲಿಲ್ಲ.

ಭಾನುವಾರ ಸಂಜೆ ಸಮಾರಂಭವನ್ನು ಏರ್ಪಡಿಸಿದೆ. ಸಂಪುಟಗಳನ್ನು ಮೇಜಿನ ಮೇಲಿಟ್ಟು ಇಸ್ತ್ರಿ ಮಾಡಿದ ಪಂಚೆ ಹೊದಿಸಿದ್ದೆ. ಹರಿಹರದಿಂದ ಅತ್ತೆಯವರನ್ನು ಕರೆಸಿಕೊಂಡಿದ್ದೆ. ಒಂದೇ ವೇದಿಕೆಯಲ್ಲಿ ಮಾರಾಟವೂ ಆಗಬೇಕು, ಭಾವಚಿತ್ರದ ಅನಾವರಣವೂ ಆಗಬೇಕು. ಪ್ರಕಾಶ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ನಾನು ಪಂಚೆಯನ್ನು ಸರಿಸಿದೆ.

ಅವನು ಒಂದು ಸಂಪುಟ ತೆರೆದ. ಹಾಳೆ ತಿರುವಿದ. ಇನ್ನೊಂದು ತೆರೆದ. ಅವನ ಮುಖದ ಬಣ್ಣ ಸಂಪುಟದಿಂದ ಸಂಪುಟಕ್ಕೆ ಇಳಿಯುತ್ತ ಹೋಯಿತು.

"ಟೀಚರ್... ಮ್ಯಾಲಿನ ಕವರು?"

"ತೆಗೆಸಿದ್ದೇನೆ."

"ಒಳಗಿನ ಬಣ್ಣದ ಹಾಳಿ? ರೇಡಿಯೋದ್ದು, ಸೈಕಲ್ಲಿಂದು, ಮಿಲ್ ಸೀರಿದು..."

"ಒಂದೂ ಇಲ್ಲ. ಹುಡುಕಿದರೂ ಸಿಗುವುದಿಲ್ಲ" ಎಂದೆ, ಹೆಮ್ಮೆಯಿಂದ.

ಪ್ರಕಾಶ ಎದ್ದು ನಿಂತ. ಮನೆಗೆಲಸ ಮಾಡದ ದಿನ ನಿಲ್ಲುತ್ತಿದ್ದಂತೆಯೇ ಕೈಕಟ್ಟಿ, ತಲೆ ತಗ್ಗಿಸಿ ನಿಂತ.

"ಅವೇ ಬೇಕಾಗಿದ್ವು ಟೀಚರ್. ಹೋಟ್ಲು ಗೋಡಿ ತುಂಬ ಫ್ರೇಮ್ ಹಾಕ್ಸಾಕೆ. ಹಳೇ ಜಾಹೀರಾತು ನೋಡ್ತಾ ಜನ ದೋಸೆ ತಿಂತಾರಂತ. ಕಥಿ ಓದಾಕೆ ಹೋಟ್ಲಿಗೆ ಯಾರು ಬರ್ತಾರ್ರಿ?"

ನಾನು ದಿಗ್ಭ್ರಾಂತಳಾಗಿ ಅರ್ಧಪುಟದ ಬಿಳಿಯ ಹಾಳೆಯೊಂದನ್ನು ಉಗುರಿನಿಂದ ಕೆರೆದು ನೋಡಿದೆ. ಕೆಳಗಿದ್ದ ಟಾರ್ಚಿನ ಜಾಹೀರಾತೂ ಅದರೊಂದಿಗೇ ಎದ್ದು ಬಂತು. ಮೈದಾ ಅಂಟನ್ನು ಕೂಡ ಕ್ರಮಬದ್ಧವಾಗಿಯೇ ಕುದಿಸಿದ್ದೆ.

ಪರಿಸ್ಥಿತಿಯನ್ನು ಉಳಿಸಿಕೊಳ್ಳಲು ಗಾಜಿನ ಚೌಕಟ್ಟನ್ನು ಅತ್ತೆಯವರ ಕೈಗಿಟ್ಟೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಇವಳ್ಯಾರವ್ವ?"

"ನೀವು, ಅತ್ತೆ."

"ನಾನಾ? ಈ ಸಂಡಿಗಿ ತಟ್ಟಿಯಾಕಿನಾ? ಮೂಗು ನೋಡು, ಹೆಂಗೆ ಬದನೇಕಾಯಿ ಇದ್ದಂಗೈತೆ."

ಯಜಮಾನರು ಮೆಲ್ಲಗೆ ತಮ್ಮ ಮೂಗನ್ನು ಮುಟ್ಟಿಕೊಂಡರು.

"ನಂದು ಇದರಾಗೆ ಎಲ್ಲೈತೆ?" ಎಂದರು ಅತ್ತೆಯವರು. "ನಂದು ತಲಿಗೆ ಹಚ್ಚೋ ಎಣ್ಣಿ ಜಾಹೀರಾತಿನಾಗಲ್ಲೇನು ಇರೋದು!"

ಅವರು ಚೌಕಟ್ಟನ್ನು ಮೇಜಿನ ಮೇಲೆ ಬೋರಲಾಗಿಟ್ಟು ಮುಂದುವರಿಸಿದರು.

"ನಿಮ್ಮ ಮಾವನ ಕಡೇರೊಬ್ರು ಎಣ್ಣಿ ಕಂಪನ್ಯಾಗೆ ಇದ್ರು. ಆಗ ನನ್ನ ಜಡಿ ಮೊಣಕಾಲಿಗೆ ಬರ್ತಿತ್ತು. ಫೋಟೋ ಕೊಡ್ರಿ ಅಂದ್ರು. ನಿಮ್ಮ ಮಾವ, ಜಡಿ ಕೊಡ್ತೀನಿ, ಮುಖ ಕೊಡಂಗಿಲ್ಲ ಅಂದ್ರು. ಬೆನ್ನು ತೋರಿಸಿ ಕುಂತೆ. ಪುಸ್ತಕ ಬಂದಾಗ ಓಣ್ಯಾಗಿನ ಹೆಣ್ಮಕ್ಕಳೆಲ್ಲ, ಯಾರದವ್ವ ಈ ಜಡಿ ಅಂತ ಅದೇ ಮಾತು. ನಂದು ಅಂತ ಯಾರ ಮುಂದೂ ಹೇಳಬ್ಯಾಡ ಅಂತ ನಿಮ್ಮ ಮಾವ ಆಣಿ ಹಾಕಿಸಿದ್ರು. ಹೊಟ್ಯಾಗೆ ಇಟ್ಕೊಂಡು ಕುಂತೆ. ಅದಕ್ಕೇ ಯಾವ ಪುಸ್ತಕಾನೂ ಬಿಸಾಡಾಕೆ ಬಿಡಲಿಲ್ಲ."

"ಅದು... ಪತ್ರಿಕೆಯ ಯಾವ ಭಾಗದಲ್ಲಿತ್ತು, ಅತ್ತೆ?" ಎಂದು ಕೇಳಿದೆ.

"ಹಿಂದಿನ ಕವರಿನ ಮ್ಯಾಲೆ. ಇಡೀ ಹಾಳಿ ತುಂಬ."

ಮುಖವನ್ನು ಹುಡುಕಲು ಹೋದವಳು ನಾನು. ಅಲ್ಲಿ ಮುಖವೇ ಇರಲಿಲ್ಲ. ಇದ್ದ ಜಡೆಯನ್ನು ನನ್ನ ಕೈಯಾರೆ ಮಿರ್ಚಿಯ ಗಾಡಿಗೆ ದಾನ ಮಾಡಿದ್ದೆ.

ನಾವು ನಾಲ್ವರೂ ಬೀದಿಗಿಳಿದೆವು. ಪ್ರಕಾಶನೂ ನಾನೂ ಓಡಿದೆವು. ಅತ್ತೆಯವರು ಓಡಲಿಲ್ಲ, ಯಜಮಾನರ ಸ್ಕೂಟರಿನ ಹಿಂದೆ ಕುಳಿತು ನಮಗಿಂತ ಮೊದಲೇ ತಲುಪಿದರು.

ಭಾನುವಾರದ ಸಂಜೆಯಾದ್ದರಿಂದ ಗಾಡಿಯ ಸುತ್ತ ಜನವೋ ಜನ. ಎಲ್ಲರ ಕೈಯಲ್ಲಿಯೂ ನಮ್ಮ ಅತ್ತೆಯವರ ಪತ್ರಿಕೆಗಳು. ಒಬ್ಬರು ರೇಡಿಯೋದ ಮೇಲೆ ಮಂಡಕ್ಕಿ ಹರಡಿಕೊಂಡಿದ್ದರು. ಇನ್ನೊಬ್ಬರು ಹಲ್ಲುಪುಡಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ನಾನು ಪ್ರತಿಯೊಬ್ಬರ ಬಳಿಗೂ ಹೋಗಿ ಬಗ್ಗಿ ನೋಡಿದೆ.

"ದಯವಿಟ್ಟು ತಮ್ಮ ಮಿರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸುವಿರಾ?"

"ಯಾಕ್ರಿ? ನೀವು ಬೇರೆ ಹೇಳ್ಕೋಳ್ರಿ" ಎಂದು ಒಬ್ಬಾತ ಪೊಟ್ಟಣವನ್ನು ಎದೆಗೆ ಅವಚಿಕೊಂಡ.

ಅಷ್ಟರಲ್ಲಿ ಪ್ರಕಾಶ ಗೋಣಿಚೀಲದಲ್ಲಿ ಉಳಿದಿದ್ದ ಹಾಳೆಗಳನ್ನು ಕಂಡಿದ್ದ. ಅವನ ಕಣ್ಣಿನ ಹೊಳಪನ್ನು ಚನ್ನಬಸಪ್ಪ ಕಂಡ. ಕೂಡಲೇ ಚೀಲವನ್ನು ಎಳೆದು ತನ್ನ ಸ್ಟೂಲಿನ ಕೆಳಗೆ ಸೇರಿಸಿಕೊಂಡ.

"ಯಾವ ಸೋಪು ಬೇಕ್ರಿ ಸಾಹೇಬ್ರ?"

"ಚನ್ನಬಸಪ್ಪ, ಅದನ್ನು ಕೊಟ್ಟವಳು ನಾನು" ಎಂದೆ.

"ಹೌದ್ರಿ ಅಕ್ಕಾರ. ಕೊಟ್ರಿ. ಮಿರ್ಚಿ ತಿಂದ್ರಿ."

ವ್ಯವಹಾರ ಅವರಿಬ್ಬರ ನಡುವೆಯೇ ಮುಗಿಯಿತು. ನನಗೆ ಆಗ ಅದರ ಚಿಂತೆಯೂ ಇರಲಿಲ್ಲ. ಚೀಲದಲ್ಲಿ ಜಡೆ ಇರಲಿಲ್ಲ. ಪೊಟ್ಟಣಗಳಲ್ಲಿ ಇರಲಿಲ್ಲ. ಕಸದ ಬುಟ್ಟಿಯಲ್ಲಿಯೂ ನಾನು ಕೈಯಾಡಿಸಿದೆ. ಒಬ್ಬ ಹಳೆಯ ವಿದ್ಯಾರ್ಥಿಯ ತಾಯಿ ನನ್ನನ್ನು ಗುರುತಿಸಿ, ಮಾತನಾಡಿಸದೆ, ಕನಿಕರದಿಂದ ದಾಟಿ ಹೋದರು.

ಅತ್ತೆಯವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆದರೆ ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಬಾಣಲೆಯ ಕಡೆ ಬೆರಳು ಚಾಚಿದ್ದರು.

"ಅಲ್ನೋಡು. ಅಲ್ನೋಡವ್ವ, ನನ್ನ ಜಡಿ."

ಒಲೆಗೆ ಗಾಳಿ ತಾಗದಂತೆ ಚನ್ನಬಸಪ್ಪ ದಪ್ಪನೆಯ ರಕ್ಷಾಪುಟವೊಂದನ್ನು ತಂತಿಗೆ ಸಿಕ್ಕಿಸಿ ಅಡ್ಡ ನಿಲ್ಲಿಸಿದ್ದ. ಅದರ ತುಂಬ ಬೆನ್ನು ತಿರುಗಿಸಿ ಕುಳಿತ ಹೆಣ್ಣು. ಕತ್ತಿನಿಂದ ಇಳಿದು ಪುಟದ ತುದಿಯವರೆಗೂ ಹರಿದ ಕಪ್ಪು ಜಡೆ. ಮೇಲಿಂದ ಕೆಳಗಿನವರೆಗೂ ಎಣ್ಣೆಯ ಸಿಡಿತ.

ನಾನು ಕೈಚಾಚಿದೆ. ಚನ್ನಬಸಪ್ಪ ತಡೆದ. "ಮುಟ್ಟಬ್ಯಾಡ್ರಿ ಅಕ್ಕಾರ, ಒಲಿ ಆರತೈತೆ. ಅದರ ಜಾಗಕ್ಕೆ ಇನ್ನೇನಾರ ಗಟ್ಟಿದು ತಂದಿಡ್ರಿ, ಒಯ್ರಿ."

ಯಜಮಾನರು ಸ್ಕೂಟರು ತಿರುಗಿಸಿ ಮನೆಗೆ ಹೋದರು. ಹಿಂತಿರುಗಿದಾಗ ಅವರ ಕಾಲುಗಳ ನಡುವೆ ನನ್ನ ಮೊದಲನೆಯ ಸಂಪುಟವಿತ್ತು. ಒಲೆಯ ಪಕ್ಕದಲ್ಲಿಟ್ಟರು. ಯಾವ ತಂತಿಯೂ ಬೇಕಾಗಲಿಲ್ಲ; ನೆಟ್ಟಗೆ ನಿಂತಿತು. ಗಾಳಿ ಒಳಗೆ ನುಸುಳಲಿಲ್ಲ.

"ಬೈಂಡಿಂಗು ಭಾರಿ ಚಲೋ ಆಗೈತ್ರಿ ಅಕ್ಕಾರ" ಎಂದ ಚನ್ನಬಸಪ್ಪ. ನನ್ನ ಶ್ರಮಕ್ಕೆ ಈವರೆಗೆ ಬಂದ ವಿಮರ್ಶೆ ಅದೊಂದೇ.

ಎಣ್ಣೆ ಕುಡಿದು ಮೆತ್ತಗಾಗಿದ್ದ ಪುಟವನ್ನು ಅತ್ತೆಯವರ ಕೈಗೆ ಕೊಟ್ಟು, "ತಪ್ಪಾಯಿತು, ಅತ್ತೆ. ಪೂರ್ತಿ ಎಣ್ಣೆಯಾಗಿ ಹೋಗಿದೆ" ಎಂದೆ. ಅವರು ಅದನ್ನು ಬೀದಿದೀಪಕ್ಕೆ ಹಿಡಿದು, ಜಡೆಯ ಮೇಲೆ ಮೇಲಿಂದ ಕೆಳಗೆ ಬೆರಳಾಡಿಸಿದರು.

"ಅವತ್ತು ಎಣ್ಣಿ ಎಲ್ಲಿ ಹಚ್ಚಿದ್ರು? ಮಿಂಚಲಿ ಅಂತ ಬರೇ ನೀರು ಹಚ್ಚಿ ಕೂಡ್ರಿಸಿದ್ರು. ಇವತ್ತು ನೋಡವ್ವ, ಖರೇನೇ ಎಣ್ಣಿ ಹತ್ತೈತೆ."

ಆಮೇಲೆ ಗಾಡಿಯ ಸುತ್ತ ನಿಂತಿದ್ದ ಅಷ್ಟೂ ಜನಕ್ಕೆ ಕೇಳುವಂತೆ, "ಇದು ನಂದು" ಎಂದರು.

ಪ್ರಕಾಶನ ಹೋಟೆಲು ಈಗ ಚೆನ್ನಾಗಿ ನಡೆಯುತ್ತಿದೆ. ಗೋಡೆಯ ತುಂಬ ಚನ್ನಬಸಪ್ಪನಿಂದ ಕೊಂಡ ಜಾಹೀರಾತುಗಳಿವೆ. ಎದುರು ಗೋಡೆಯ ನಟ್ಟನಡುವೆ ಎಣ್ಣೆಯ ಕಲೆಯ ಸಮೇತ ಅತ್ತೆಯವರ ಜಡೆ, ಅದರ ಕೆಳಗೆ ಅವರ ಹೆಸರು. ಹೆಸರು ಹಾಕಿದರೆ ಮಾತ್ರ ಕೊಡುವೆನೆಂದು ಅವರೇ ಷರತ್ತು ಹಾಕಿದ್ದರು. ತಿಂಗಳಿಗೊಮ್ಮೆ ಹರಿಹರದಿಂದ ಬಂದು ಅದರ ಕೆಳಗೆ, ಜನಕ್ಕೆ ಮುಖ ಕಾಣುವಂತೆ ಕುಳಿತು ದೋಸೆ ತಿನ್ನುತ್ತಾರೆ.

ನನ್ನ ಉಳಿದ ಸಂಪುಟಗಳನ್ನು ಯಾರೂ ಕೊಳ್ಳಲಿಲ್ಲ. ಓದಿಕೊಳ್ಳಿರೆಂದು ಅತ್ತೆಯವರಿಗೇ ಮರಳಿಸಲು ಹೋದರೆ, "ಆ ಕಥಿ ಎಲ್ಲಾ ನನಗೆ ಗೊತ್ತೈತೆ" ಎಂದರು. ಆದರೆ ಮೊದಲನೆಯ ಸಂಪುಟ ಮಾತ್ರ ನಮ್ಮ ಬೀದಿಯ ತಿರುವಿನಲ್ಲಿ ಇಂದಿಗೂ ನೆಟ್ಟಗೆ ನಿಂತಿದೆ. ಪ್ರತಿ ಸಂಜೆ ಅದರ ಮುಂದೆ ಜನ ಗುಂಪುಗೂಡುತ್ತಾರೆ. ಕತ್ತು ಚಾಚಿ, ಒಬ್ಬರನ್ನೊಬ್ಬರು ತಳ್ಳಿಕೊಂಡು, ಆತುರದಿಂದ ಕಾಯುತ್ತಾರೆ.

ಮಿರ್ಚಿಗಾಗಿ.