ಯಾರನ್ನು ಕೇಳಬೇಕು ಎಂಬ ಫೈಲು

ಎದುರಿಗೆ ಹೇಳಲಾಗದ್ದನ್ನು ಬರೆದು ಕಳಿಸಬಹುದು ಎಂದು ಮೊದಲು ಕಂಡುಹಿಡಿದವನು ಯಾರೋ ಗೊತ್ತಿಲ್ಲ, ಆದರೆ ಅವನಿಗೆ ಖಾಯಂ ನೌಕರಿ ಇದ್ದಿರಬೇಕು. ಅಲ್ಪವಿರಾಮನಿಗೆ ಇರಲಿಲ್ಲ.

ಅವನು ಒಂದು ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುವವನು. ಎರಡು ಮಾತಿಗೊಮ್ಮೆ ನಿಂತು ಯೋಚಿಸುವ ಅಭ್ಯಾಸ ನೋಡಿ ಸಹೋದ್ಯೋಗಿಗಳು ಆ ಹೆಸರಿಟ್ಟಿದ್ದರು. ಈಚೆಗೆ ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಿದ್ದರು. ಈ ವಾರ ನಿಮ್ಮ ನೌಕರಿ ಖಾಯಂ ಮಾಡುತ್ತೇನೆ ಎಂದು ಯಜಮಾನರು ಹೇಳಿದ್ದರು. ಹೇಳಿದ ಬಾಯಲ್ಲೇ, ತಾವು ಬರೆದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಅವನ ಕೈಗಿಟ್ಟು, "ಸಂಕೋಚ ಬೇಡ. ನಿಮಗೆ ಏನನ್ನಿಸುತ್ತೋ ನೇರವಾಗಿ ಬರೆದು ಕಳಿಸಿ" ಎಂದಿದ್ದರು.

'ನೇರವಾಗಿ' ಎಂಬ ಮಾತನ್ನು ನಂಬಬಾರದೆಂದು ಲೋಕಕ್ಕೆಲ್ಲ ಗೊತ್ತು. ಅಲ್ಪವಿರಾಮನಿಗೂ ಗೊತ್ತಿತ್ತು. ಆದರೆ ಸಂಜೆ ಕೊನೆಯ ಪುಟ ಮುಗಿಸುವಷ್ಟರಲ್ಲಿ ಅವನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಹೆಂಡತಿ ಬೇರೆ, "ಅನ್ನಿಸಿದ್ದು ಬರೀರಿ ಅಂತ ಅವರೇ ಹೇಳಿದಾರಲ್ಲ ರೀ, ಇನ್ನೇನು ಭಯ?" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದಳು. ಅವನು ಎಲ್ಲೂ ನಿಲ್ಲದೆ, ಒಂದೇ ಉಸಿರಿನಲ್ಲಿ, ಅನ್ನಿಸಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕುಟ್ಟಿ, ಕಳಿಸುವ ಗುಂಡಿ ಒತ್ತಿ, ಹಗುರಾಗಿ ಮಲಗಿಬಿಟ್ಟ.

ಬೆಳಗ್ಗೆ ಎದ್ದಾಗ ಹಗುರವೆಲ್ಲ ಎಲ್ಲಿಗೋ ಹೋಗಿ, ಎದೆಯ ಮೇಲೆ ಬೀಸುವ ಕಲ್ಲು ಕೂತಿತ್ತು.

"ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ ಕಣೇ. ಅದನ್ನ ಓದಿದ ಮೇಲೆ ಅವರು ನನ್ನ ಖಾಯಂ ಮಾಡ್ತಾರಾ? ಖಾಯಮ್ಮಾಗಿ ಮನೆಗೆ ಕಳಿಸ್ತಾರೆ."

"ಅಳ್ತಾ ಕೂತ್ರೆ ಆಗುತ್ತಾ? ಇನ್ನೊಂದು ಪತ್ರ ಕಳ್ಸಿ" ಅಂದಳು ಹೆಂಡತಿ. "ನಿನ್ನೆಯದು ಬೇರೆ ಯಾರದೋ ಕಾದಂಬರಿ ಬಗ್ಗೆ ಬರೆದಿದ್ದು, ಕೈತಪ್ಪಿ ನಿಮಗೆ ಬಂತು ಅನ್ನಿ. ನಿಮ್ಮದು ಬಹಳ ಚೆನ್ನಾಗಿದೆ ಅನ್ನಿ. ಹೊಸ ಪತ್ರ ತಾನೇ ಮೇಲೆ ಕಾಣೋದು? ಅದನ್ನೇ ಮೊದಲು ಓದ್ತಾರೆ."

ತುಪ್ಪ ಸುರಿದವಳೇ ನೀರನ್ನೂ ತಂದಿದ್ದಳು. ಯಜಮಾನರು ಪರವೂರಿಗೆ ಹೋಗಿದ್ದರು, ಕಚೇರಿಗೆ ಬರುವುದು ಮಧ್ಯಾಹ್ನದ ಮೇಲೆ. ಪ್ರಯಾಣದಲ್ಲಿ ಅಕ್ಷರ ನೋಡಿದರೆ ತಲೆ ಸುತ್ತುತ್ತದೆಂದು ಪತ್ರಗಳನ್ನೆಲ್ಲ ಕಚೇರಿಯಲ್ಲಿ ಕೂತ ಮೇಲೆಯೇ ನೋಡುವವರು. ಅಷ್ಟರೊಳಗೆ ಎರಡನೆಯ ಪತ್ರ ಹೋಗಿ ಮೊದಲನೆಯದರ ತಲೆಯ ಮೇಲೆ ಕೂತರೆ ಸಾಕು.

ಹಿಂದಿನ ಸಂಜೆ ಕಣ್ಣುಮುಚ್ಚಿ ಗುಂಡಿ ಒತ್ತಿದ್ದರ ಫಲ ಕಂಡಿದ್ದ ಅಲ್ಪವಿರಾಮ, ಈ ಸಲ ಮೊದಲು ನೆಟ್ ಸರಿಯಿದೆಯೇ ಎಂದು ಪರೀಕ್ಷಿಸಿದ. ಸರಿಯಿರಲಿಲ್ಲ. ಯಾವ ಜಾಲತಾಣದ ಹೆಸರು ಕೊಟ್ಟರೂ ಲ್ಯಾಪ್‌ಟಾಪ್ ಆ ಹೆಸರೇ ಕೇಳಿಲ್ಲ ಎನ್ನುತ್ತಿತ್ತು. ಗೋಡೆಯ ಮೇಲಿನ ವೈಫೈ ಡಬ್ಬಿ ಮಾತ್ರ ಹಸಿರು ದೀಪ ಮಿನುಗಿಸುತ್ತಾ ತನ್ನದೇನೂ ತಪ್ಪಿಲ್ಲವೆಂಬಂತೆ ಕೂತಿತ್ತು. ಹೆಂಡತಿಯ ಫೋನಿನಲ್ಲಿ ಎಲ್ಲವೂ ಬರುತ್ತಿತ್ತು. ಅದರಿಂದಲೇ ಕಳಿಸೋಣವೆಂದರೆ ಕಚೇರಿಯ ಇಮೇಲಿನ ಪಾಸ್‌ವರ್ಡು ಲ್ಯಾಪ್‌ಟಾಪಿಗೆ ಗೊತ್ತಿತ್ತೇ ಹೊರತು ಅವನಿಗೆ ಗೊತ್ತಿರಲಿಲ್ಲ.

"ಬೈದಿದ್ದು ಚಿಟಿಕೆ ಹೊಡೆಯೋದ್ರಲ್ಲಿ ಹೋಯ್ತು, ಹೊಗಳೋಕೆ ಕೂತ್ರೆ ದಾರಿ ಇಲ್ಲ!" ಎಂದು ಅವನು ಮೇಜು ಗುದ್ದಿದ.

ಗುದ್ದಿದ ಸದ್ದಿಗೆ ಮಹಡಿಯ ಅಂಕಲ್ ಇಳಿದು ಬಂದರು. ದೂರವಾಣಿ ಇಲಾಖೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡು ನಿವೃತ್ತರಾದವರು. ಈಗ ಯಾರ ಮನೆಯಲ್ಲಿ ಏನು ಕೆಟ್ಟರೂ ಅವರಿಗೆ ಎಲ್ಲಿಲ್ಲದ ಹುರುಪು.

"ಇದನ್ನ ನಡೆಸೋದು ಯುನಿಕ್ಸಾ? ಬಿಡು, ಇದು ನಾನು ಎತ್ತಿ ಆಡಿಸಿದ ಕೂಸು" ಎಂದು ಅವನನ್ನು ಎಬ್ಬಿಸಿ ತಾವು ಕೂತರು. "ನೋಡಪ್ಪಾ, ಕಂಪ್ಯೂಟರಿಗೆ ಹೆಸರು ಅರ್ಥ ಆಗಲ್ಲ, ಬರೀ ಅಂಕಿ. ನೀನು ಹೆಸರು ಹೇಳಿದ್ರೆ, ಇದರ ಅಂಕಿ ಯಾವುದು ಅಂತ ಅದು ಯಾರನ್ನಾದ್ರೂ ಕೇಳ್ಬೇಕು. ಡಿಎನ್‌ಎಸ್ ಅಂತಾರೆ. ಯಾರನ್ನ ಕೇಳ್ಬೇಕು ಅನ್ನೋದು ಒಂದು ಪುಟ್ಟ ಫೈಲಲ್ಲಿ ಬರೆದಿರುತ್ತೆ. ಹೋದ ಹೋದ ಕಡೆ ಆ ಜಾಗದವರನ್ನ ಕೇಳ್ಬೇಕು ತಾನೇ? ನಿನ್ನದು ಇಲ್ಲಿ ಕೂತ್ಕೊಂಡು ನಿನ್ನ ಆಫೀಸಿನವರನ್ನೇ ಕೇಳ್ತಾ ಇದೆ."

"ಅತ್ತೆ ಮನೆಗೆ ಬಂದು, ಬಚ್ಚಲು ಎಲ್ಲಿದೆ ಅಂತ ಅಮ್ಮನಿಗೆ ಫೋನ್ ಮಾಡೋ ಹಾಗೆ" ಅಂದಳು ಹೆಂಡತಿ, ಗಂಡನ ಮುಖವನ್ನೇ ನೋಡುತ್ತಾ.

"ಅದೇ ಅದೇ. ಜಾಗ ಬದಲಾದಾಗ ಫೈಲೂ ತಾನಾಗಿ ಬದಲಾಗ್ಬೇಕಿತ್ತು. ಯಾರೋ ಪುಣ್ಯಾತ್ಮ ಅದಕ್ಕೆ ಬೀಗ ಜಡಿದಿದಾನೆ."

ಪುಣ್ಯಾತ್ಮ ಯಾರೆಂದು ಅಲ್ಪವಿರಾಮನಿಗೆ ಹೊಳೆಯಿತು. ಕಚೇರಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಯಂತ್ರಪಂಡಿತ. ಅವನು ಲ್ಯಾಪ್‌ಟಾಪ್ ಕಸಿದುಕೊಂಡು, "ದಿನಾ ಬಂದು ನೆಟ್ ಇಲ್ಲ ಅಂತ ನನ್ನ ಪ್ರಾಣ ತಿಂತೀರಲ್ಲ, ಇನ್ನು ಜನ್ಮದಲ್ಲಿ ಕೆಡದ ಹಾಗೆ ಮಾಡಿದೀನಿ ಹೋಗಿ" ಎಂದು ಹಿಂತಿರುಗಿಸಿದ್ದ.

ಅಂಕಲ್ ಕಣ್ಣು ಮಿಟುಕಿಸುವುದರೊಳಗೆ ಆ ಬೀಗ ತೆಗೆದರು. ಅಲ್ಲಿದ್ದ ಅಂಕಿಗಳನ್ನು ಅಳಿಸಿ, ಕಣ್ಣುಮುಚ್ಚಿ ಬೇರೆ ಅಂಕಿಗಳನ್ನು ಬರೆದರು. "ಇದು ನನಗೆ ಕಂಠಪಾಠ. ನಮ್ಮ ಇಲಾಖೆಯ ಹಳೇ ಕಂಪ್ಯೂಟರಿಂದು, ಇಡೀ ಇಲಾಖೆ ಅದನ್ನೇ ಕೇಳ್ತಿತ್ತು." ಬರೆದು, ಇನ್ಯಾರೂ ಕೈಯಾಡಿಸದಿರಲೆಂದು ತಮ್ಮದೊಂದು ಬೀಗ ಹಾಕಿದರು. ಮೂವರೂ ಉಸಿರು ಹಿಡಿದು ಪರದೆಯನ್ನು ನೋಡಿದರು. ಏನೂ ಬರಲಿಲ್ಲ.

"ಬರುತ್ತೆ. ವಯಸ್ಸಾಗಿದೆ ಅದಕ್ಕೆ, ಸ್ವಲ್ಪ ನಿಧಾನ."

"ಅಂಕಲ್, ಆ ಕಂಪ್ಯೂಟರು ಇನ್ನೂ ಇದೆಯಾ?" ಎಂದ ಅಲ್ಪವಿರಾಮ.

ಅಂಕಲ್ ಗಲ್ಲ ಕೆರೆದುಕೊಂಡರು. "ನನ್ನನ್ನ ಮನೆಗೆ ಕಳಿಸಿದ ವರ್ಷವೇ ಅದನ್ನೂ ಗುಜರಿಗೆ ಕಳಿಸಿದ್ರು ಅಂತ ಯಾರೋ ಹೇಳಿದ ನೆನಪು..." ಅಷ್ಟರಲ್ಲಿ ಮಹಡಿಯಿಂದ ಆಂಟಿ, "ಒಲೆ ಮೇಲೆ ಹಾಲಿಟ್ಟು ಎಲ್ಲಿ ಹಾಳಾಗಿ ಹೋದ್ರಿ?" ಎಂದು ಕೂಗಿದರು. ಈಗ ಬಂದೆ ಎಂದು ಹೋದ ಅಂಕಲ್ ಬರಲೇ ಇಲ್ಲ. ಬಸ್ಸಿನ ಹೊತ್ತಾಗಿತ್ತು.

ಬಸ್ ನಿಲ್ದಾಣದ ಪಕ್ಕದ ಕಾಫಿ ಅಂಗಡಿಯಲ್ಲಿ ಪುಕ್ಕಟೆ ವೈಫೈ ಎಂಬ ಬೋರ್ಡು ನೋಡಿ ಅಲ್ಪವಿರಾಮ ಒಳಗೆ ನುಗ್ಗಿದ. ಅಲ್ಲೂ ಅದೇ ಕತೆ. ಲ್ಯಾಪ್‌ಟಾಪ್ ಅಂಗಡಿಯವರನ್ನು ಕೇಳುವುದು ಬಿಟ್ಟು ಗುಜರಿಗೆ ಹೋದ ಯಂತ್ರವನ್ನು ಕೂಗುತ್ತಿತ್ತು. ತಾನೇ ಆ ಫೈಲು ತಿದ್ದೋಣ, ಕರಡು ತಿದ್ದಿ ಪಳಗಿದ ಕೈ ತಾನೇ ಎಂದು ಧೈರ್ಯ ಮಾಡಿದ. ಅಪ್ಪಣೆ ಇಲ್ಲ ಎಂದಿತು. ಯಂತ್ರದ ಒಡೆಯ ತಾನೇ ಎಂದು, ಒಡೆಯನ ಪಾಸ್‌ವರ್ಡು ಕೊಟ್ಟು ಮತ್ತೆ ತಿದ್ದಿದ. ಒಡೆಯನಿಗೂ ಅಪ್ಪಣೆ ಇಲ್ಲ ಎಂದಿತು. ಬೀಗ ಹಾಕುವವರನ್ನು ಎರಡು ಸಲ ನೋಡಿದ್ದನೇ ಹೊರತು, ತೆಗೆಯುವ ಬಗೆ ಅವನಿಗೆ ತಿಳಿದಿರಲಿಲ್ಲ.

"ದುಡ್ಡು ಕೊಟ್ಟವನು ನಾನು!" ಎಂದು ಲ್ಯಾಪ್‌ಟಾಪಿಗೆ ಕಿರುಚಿದ.

"ಇನ್ನೂ ಕೊಟ್ಟಿಲ್ಲ ಸಾರ್, ಎರಡು ಕಾಫಿ ಆಗಿದೆ" ಅಂದ ಅಂಗಡಿಯವನು.

ಅವನು ಕಚೇರಿ ಮುಟ್ಟಿದಾಗ ಯಜಮಾನರ ಕಾರು ಅಂಗಳದಲ್ಲಿ ನಿಂತಾಗಿತ್ತು. ಯಜಮಾನರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಅವರು ಯಾರಿಗೋ ಫೋನಿನಲ್ಲಿ ನಗುತ್ತಾ ಮಾತಾಡುವುದು ಕೇಳಿಸಿತು. ನಗುತ್ತಿದ್ದಾರೆಂದರೆ ಇನ್ನೂ ಓದಿಲ್ಲ. ಅವನು ಓಡಿಹೋಗಿ ಲ್ಯಾಪ್‌ಟಾಪನ್ನು ಯಂತ್ರಪಂಡಿತನ ಮುಂದಿಟ್ಟ.

ಯಂತ್ರಪಂಡಿತ ಫೈಲು ತೆರೆದವನೇ ಕೆಂಡವಾದ. "ಯಾರ್ರೀ ನನ್ನ ಬೀಗ ಒಡೆದೋರು?"

"ಮಹಡಿ ಮೇಲಿನ ಅಂಕಲ್ಲು..."

"ಹಾಗಾದ್ರೆ ಅವರ ಹತ್ರಾನೇ ಹೋಗಿ. ಒಂದು ಯಂತ್ರಕ್ಕೆ ಇಬ್ಬರು ಡಾಕ್ಟರಾ?"

"ತಪ್ಪಾಯ್ತು ಮಾರಾಯ್ರೇ, ನಿಮ್ಮ ದಮ್ಮಯ್ಯ! ನನ್ನ ನೌಕರಿ ಪ್ರಶ್ನೆ. ಆ ಬೀಗ ಒಡೀರಿ, ಏನಾದ್ರೂ ಮಾಡಿ, ಒಂದೇ ಒಂದು ಪತ್ರ ಹೋಗ್ಲಿ!"

ಯಂತ್ರಪಂಡಿತ ಇನ್ನಷ್ಟು ಬೇಡಿಸಿಕೊಂಡು, ಚಹಾ ಮುಗಿಸಿ, ಬೆರಳು ಲಟಿಕೆ ಮುರಿದು, ಕೊನೆಗೆ ಅಂಕಲ್ ಹಾಕಿದ ಬೀಗವನ್ನು ತೆಗೆದ. ಕಚೇರಿಯ ಅಂಕಿ ಬರೆದ. ಮೇಲೆ ಮತ್ತೆ ತನ್ನ ಬೀಗ ಜಡಿದ. ಬೆಳಗ್ಗಿನಿಂದ ಮೂಕವಾಗಿದ್ದ ಲ್ಯಾಪ್‌ಟಾಪಿಗೆ ಒಮ್ಮೆಲೇ ಲೋಕದ ಹೆಸರುಗಳೆಲ್ಲ ನೆನಪಾದವು. ಅಲ್ಪವಿರಾಮ ಹೆಂಡತಿ ಹೇಳಿದಂತೆ ಪತ್ರ ಬರೆದು, ಹೊಗಳಿಕೆಗೆ ಇನ್ನೆರಡು ಸಾಲು ತಾನೇ ಸೇರಿಸಿ, ಕಳಿಸಿಯೇಬಿಟ್ಟ. ಎದೆಯ ಮೇಲಿನ ಬೀಸುವ ಕಲ್ಲು ಇಳಿಯಿತು.

ಆಗಲೇ ಕೋಣೆಯ ಬಾಗಿಲು ತೆರೆದು ಯಜಮಾನರು ಫೋನು ಹಿಡಿದು ಹೊರಗೆ ಬಂದರು.

"ಏನ್ರೀ, ನನ್ನ ಕಾದಂಬರಿ ಓದಿ ಅಲ್ಲೇ ಮಲಗಿಬಿಟ್ರಾ? ಬಂದ ಕೂಡಲೇ ಪತ್ರ ಎಲ್ಲ ನೋಡಿದೆ. ನಿಮ್ಮಿಂದ ಒಂದಕ್ಷರ ಬಂದಿಲ್ಲವಲ್ಲ!"

ಅಲ್ಪವಿರಾಮನಿಗೆ ಅರ್ಥವಾಗಲಿಲ್ಲ. "ನಿನ್ನೆ ಸಂಜೆಯದ್ದೂ... ಬಂದಿಲ್ವಾ ಸರ್?"

"ಇಲ್ಲಪ್ಪ."

ಸಂತೋಷದಿಂದ ಅವನ ಕಣ್ಣು ಮಂಜಾಯಿತು. ಯಂತ್ರಪಂಡಿತನ ಕಿವಿಯಲ್ಲಿ, "ನಿನ್ನೆ ಮನೆಯಿಂದ ಕಳಿಸಿದ ಪತ್ರ ಹೋಗೇ ಇಲ್ವಂತೆ ಕಣ್ರೀ!" ಎಂದು ಪಿಸುಗುಟ್ಟಿದ.

"ಹೇಗೆ ಹೋಗುತ್ತೆ? ನಾನು ನಿನ್ನೆ ಹೊರಡೋ ಮುಂಚೆ ಬೀಗ ಹಾಕಿದ್ದೆನಲ್ಲ. ಮನೇಲಿ ಅದಕ್ಕೆ ವಿಳಾಸ ಯಾರು ಹೇಳ್ತಾರೆ? ಆದ್ರೆ ಯೋಚನೆ ಮಾಡ್ಬೇಡಿ, ಯುನಿಕ್ಸು ಬಹಳ ನಂಬಿಗಸ್ತ. ಹೋಗದ ಪತ್ರ ಬಿಸಾಡಲ್ಲ, ಸಾಲಲ್ಲಿ ನಿಲ್ಲಿಸಿಕೊಂಡಿರುತ್ತೆ. ಈಗ ದಾರಿ ಸಿಕ್ತಲ್ಲ, ಇನ್ನೊಂದು ನಿಮಿಷದಲ್ಲಿ ತಾನಾಗೇ ಕಳಿಸುತ್ತೆ."

ಅಂಕಲ್ ಹಾಕಿದ ಸತ್ತ ಅಂಕಿಯೊಂದೇ ಬೆಳಗ್ಗಿನಿಂದ ತನ್ನನ್ನು ಕಾಪಾಡಿತ್ತೆಂದು ಅಲ್ಪವಿರಾಮನಿಗೆ ಆಗ ತಿಳಿಯಿತು. ಲ್ಯಾಪ್‌ಟಾಪಿನ ಮೇಲೆ ಬಿದ್ದು ಆ ಫೈಲು ತೆರೆದು ಅಂಕಿ ಅಳಿಸಹೋದ. ಅಪ್ಪಣೆ ಇಲ್ಲ ಎಂದಿತು.

ಟಿಂಗ್ ಎಂದಿತು ಯಜಮಾನರ ಫೋನು.

"ಓ, ಬಂತು ಬಂತು! ಎಲ್ಲ ಬನ್ರೀ ಇಲ್ಲಿ, ಕೇಳಿ." ಅವರು ಕನ್ನಡಕ ಏರಿಸಿ ಕಚೇರಿಯ ಮಂದಿಗೆಲ್ಲ ಕೇಳುವಂತೆ ಓದಿದರು. "'ನಿಮ್ಮ ಕಾದಂಬರಿಯನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ.' ಭೇಷ್! 'ನಿನ್ನೆಯ ಪತ್ರ ಬೇರೊಬ್ಬರ ಕಾದಂಬರಿಯ ಕುರಿತದ್ದು, ಕೈತಪ್ಪಿ ನಿಮಗೆ ಬಂದಿದೆ.' ಯಾವ ಪತ್ರ ರೀ?"

ಟಿಂಗ್.

"ಇದೇ ಇರಬೇಕು. ಯಾರೋ ಬಡಪಾಯಿಗೆ ಚೆನ್ನಾಗಿ ಬಿದ್ದ ಹಾಗಿದೆ!"

"ಸರ್, ಅದನ್ನ ಓದ್ಬೇಡಿ ಸರ್. ಪಾಪ, ಅವರ ಮರ್ಯಾದೆ..."

"ಹೆಸರಿಲ್ಲವಲ್ಲ, ಮರ್ಯಾದೆ ಹೇಗೆ ಹೋಗುತ್ತೆ? ನಮಗೂ ನಾಲ್ಕು ಬುದ್ಧಿಮಾತು ಸಿಗುತ್ತೆ. ಕೇಳಿ. 'ಇದನ್ನು ಓದಿದ ಮೇಲೆ ನನಗೆ ಅಕ್ಷರ ಕಲಿಸಿದ ಮೇಷ್ಟರ ಮೇಲೆ ಸಿಟ್ಟು ಬಂತು.'" ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಕಚೇರಿಯೇ ನಕ್ಕಿತು. "'ಎರಡನೇ ಅಧ್ಯಾಯದಲ್ಲಿ ಸತ್ತ ಕುದುರೆ ಒಂಬತ್ತನೇ ಅಧ್ಯಾಯದಲ್ಲಿ ಸವಾರನ ಸಮೇತ ಓಡಿ ಬರುತ್ತದೆ.' ಅಯ್ಯಯ್ಯೋ! ಇಂಥವರೆಲ್ಲ ಯಾಕ್ರೀ ಬರೀತಾರೆ?"

ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಂಡು ಹೇಳಿದರು: "ನನ್ನ ಕಾದಂಬರಿಯಲ್ಲೂ ಒಂದು ಕುದುರೆ ಇದೆ. ಅದೂ ಎರಡನೇ ಅಧ್ಯಾಯದಲ್ಲೇ ಸಾಯೋದು. ಆಮೇಲೆ ಒಂಬತ್ತನೇ..."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಪತ್ರವನ್ನು ಮೊದಲಿನಿಂದ, ಈ ಸಲ ಮನಸ್ಸಿನಲ್ಲೇ, ಓದತೊಡಗಿದರು.