ಅಕ್ಕಮ್ಮನ ದೊಡ್ಡ ಬೋರು

ರುದ್ರಪ್ಪ: ಬೆಳಗ್ಗೆಯಿಂದ ದೊಡ್ಡ ಬೋರು, ದೊಡ್ಡ ಬೋರು ಅಂತ ಕುಣೀತಾ ಇದೀಯ. ನಮ್ಮ ತಿಪಟೂರಲ್ಲಿ ಬೋರು ಅಂದ್ರೆ ಆರೂವರೆ ಇಂಚು. ಅದರಲ್ಲಿ ನೀರು ಬರ್ತೈತೆ. ನಿನ್ನ ಬೋರಲ್ಲಿ ಏನ್ ಬರ್ತೈತೆ?

ಅಕ್ಕಮ್ಮ: ಸೀಸದ ಗುಂಡು.

ರುದ್ರಪ್ಪ: ಎಷ್ಟು ದಪ್ಪ?

ಅಕ್ಕಮ್ಮ: ನಿನ್ನ ಕಿರುಬೆರಳಿನಷ್ಟು.

ರುದ್ರಪ್ಪ: (ಕಿರುಬೆರಳು ನೋಡಿಕೊಂಡು) ಇಷ್ಟೊಂದಾ!

ಅಕ್ಕಮ್ಮ: ಆರೂವರೆ ಇಂಚಿಗೆ ಹೆದರದವನು ಕಿರುಬೆರಳಿಗೆ ಹೆದರ್ತೀಯಲ್ಲ.

ರುದ್ರಪ್ಪ: ಬೋರ್‌ವೆಲ್ಲು ಯಾರ ಕಡೆಗೂ ತಿರುಗಲ್ಲ ಕಣೇ. ಕೊರೆದ ಕಡೆ ಸುಮ್ನೆ ಬಿದ್ದಿರ್ತೈತೆ.

ಅದು 2021ರ ಮೇ ತಿಂಗಳ ಒಂದು ಶನಿವಾರ. ಕೊರೊನಾ ನಿರ್ಬಂಧ ಸಡಿಲಿಸಿ, ಕೌಂಟಿಯ ಎಂದರೆ ಜಿಲ್ಲೆಯ ಗಡಿ ದಾಟಬಹುದೆಂದು ಐರಿಷ್ ಸರ್ಕಾರ ಅನುಮತಿ ಕೊಟ್ಟು ಐದು ದಿನವಾಗಿತ್ತು. ಬ್ಯಾಲಿನ್‌ಕೊಲಿಗ್‌ನ ಮನೆಯಲ್ಲಿ ಶಿವರುದ್ರಪ್ಪ ಕಾರಿನ ಕೀ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದ. ಅವನು ಸಾಫ್ಟ್‌ವೇರ್ ಟೆಸ್ಟರ್. ಹದಿನಾಲ್ಕು ತಿಂಗಳಿಂದ ಮಹಡಿಯ ಚಿಕ್ಕ ಕೋಣೆಯೇ ಅವನ ಆಫೀಸು. ಹೆಂಡತಿ ಅಕ್ಕಮ್ಮ ಕೊಡಗಿನವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವಳನ್ನು ಕರೆದರೆ ಅಕ್ಕನನ್ನೂ ಅಮ್ಮನನ್ನೂ ಒಟ್ಟಿಗೆ ಕೂಗಿದಂತಾಗುತ್ತದೆಂದು ತಿಪಟೂರಿನ ನೆಂಟರು ಮದುವೆಯ ಚಪ್ಪರದಲ್ಲೇ ನಕ್ಕಿದ್ದರು. ಅಂದಿನಿಂದ ಅವನ ಬಾಯಲ್ಲಿ ಅವಳು ‘ಅಕ್ಕೂ’.

ಅಕ್ಕಮ್ಮನದು ಎಡಗೈ, ಅದೂ ಪುಟ್ಟ ಕೈ. ಅವಳು ಗುರಿ ಹೊಡೆಯಲು ಸೇರಿದ್ದ ಕ್ಲಬ್ಬಿನಲ್ಲಿದ್ದ ಯಾವ ಪಿಸ್ತೂಲೂ ಅವಳಿಗೆ ಒಗ್ಗಿರಲಿಲ್ಲ. ಹಾಗಾಗಿ ಪಕ್ಕದ ಕೌಂಟಿ ಟಿಪ್ಪರೆರಿಯ ಡೋನಲ್ ಎಂಬ ಹಳೆಯ ಕೋವಿ ಕುಶಲಕರ್ಮಿಯಿಂದ ತನ್ನ ಕೈಯಳತೆಗೇ ಒಂದು ರಿವಾಲ್ವರ್ ಮಾಡಿಸಿದ್ದಳು. ಹಳೇ ಕಾಲದ ಮಾದರಿ. ಮದ್ದು ತುಂಬಿ, ಗುಂಡು ಗಿಡಿದು ಹೊಡೆಯುವಂಥದ್ದು; ನಳಿಗೆಯ ತೂತು, ಅಂದರೆ ಬೋರು, ದೊಡ್ಡದು. ಮಾರ್ಚಿನಲ್ಲೇ ಸಿದ್ಧವಾಗಿತ್ತು. ಆದರೆ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ.

ರುದ್ರಪ್ಪ: ಕೋವಿ ಮದ್ದಿನ ಮಿಲ್ಲಿದ್ದ ಊರಲ್ಲೇ ಮನೆ ಬೇಕು ಅಂತ ನೀನು ಹಟ ಹಿಡಿದಾಗ್ಲೇ ನಂಗೆ ಅನುಮಾನ ಬರಬೇಕಿತ್ತು.

ಅಕ್ಕಮ್ಮ: ಆ ಮಿಲ್ಲು ಮುಚ್ಚಿ ನೂರು ವರ್ಷದ ಮೇಲಾಯ್ತು. ಈಗ ಅಲ್ಲಿ ನಾಯಿ ವಾಕಿಂಗ್ ಮಾಡಿಸ್ತಾರೆ. ಸರಿ, ನಡಿ.

ರುದ್ರಪ್ಪ: ಲೈಸೆನ್ಸು?

ಅಕ್ಕಮ್ಮ: ಇದೆ. ಗಾರ್ಡಾ ಪೊಲೀಸರು ಮನೆಗೇ ಬಂದು ಕಬ್ಬಿಣದ ಪೆಟ್ಟಿಗೆ, ಅಲಾರಂ ಎಲ್ಲಾ ನೋಡಿ ಹೋದರಲ್ಲ. ಅವರಿಗೆ ಕೋಡುಬಳೆ ಕಟ್ಟಿಕೊಟ್ಟಿದ್ದು ಯಾರು?

ರುದ್ರಪ್ಪ: ಚೆನ್ನಾಗೈತೆ ಅಂದ್ರು, ಕೊಟ್ಟೆ. ಕೋವಿ ವಿಷಯ ಬೇರೆ, ಕೋಡುಬಳೆ ವಿಷಯ ಬೇರೆ.

ಅಕ್ಕಮ್ಮ ಒಂದು ಚೀಲ ಎತ್ತಿಕೊಂಡಳು. ಅದರಲ್ಲಿ ಒಂದು ತೆಂಗಿನಕಾಯಿ ಇತ್ತು.

ರುದ್ರಪ್ಪ: (ಮುಖ ಅರಳಿಸಿ) ಓ, ಕಾಯಿ ತಗೊಂಡಿದೀಯ! ಪೂಜೆ ಮಾಡಿ ಕಾಯಿ ಒಡೀತೀಯ ಅನ್ನು. ಮೊದ್ಲೇ ಹೇಳಬಾರ್ದಾ? ಇರು, ಕುಂಕುಮ ಕರ್ಪೂರ ತರ್ತೀನಿ.

ಅಕ್ಕಮ್ಮ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟಳು. ಕಾರು ಹೊರಟಿತು.

ದಾರಿಯುದ್ದಕ್ಕೂ ರುದ್ರಪ್ಪ ತಾನು ಬರೆದಿಟ್ಟಿದ್ದ ಪಟ್ಟಿ ಹೇಳಿದ. ಒಟ್ಟು ಮೂವತ್ತೊಂದು ಪರೀಕ್ಷೆ.

ರುದ್ರಪ್ಪ: ಒಂದನೇದು. ಟ್ರಿಗರ್ ಒತ್ತಿದ್ರೆ ಗುಂಡು ಹೋಗಬೇಕು. ಎರಡನೇದು. ಟ್ರಿಗರ್ ಒತ್ತದೇ ಇದ್ರೆ ಗುಂಡು ಹೋಗಬಾರ್ದು. ಮೂರನೇದು. ಹೋದ ಗುಂಡು ಮುಂದಕ್ಕೇ ಹೋಗಬೇಕು.

ಅಕ್ಕಮ್ಮ: ನಾಲ್ಕನೇದು?

ರುದ್ರಪ್ಪ: ವಾಪಸ್ ಬರಬಾರ್ದು.

ಡೋನಲ್‌ನ ಶೆಡ್ಡು ಒಂದು ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲಿತ್ತು. ಕ್ಲಬ್ಬಿನ ಗುರಿ ಮೈದಾನವೂ ಅದೇ ಕ್ವಾರಿಯೊಳಗೆ. ಎಪ್ಪತ್ತು ದಾಟಿದ ಡೋನಲ್ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ಅವನ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ. ‘ಅಕ್ಕಮ್ಮ’ ಪೂರ್ತಿ ಬಾಯಿಗೆ ಬಾರದೆ ಅವನು ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ.

ಡೋನಲ್: ಬಾ ಅಕ್ಕಾ, ಬಾ! ಎರಡು ತಿಂಗಳಿಂದ ದಿನಾ ಎಣ್ಣೆ ಹಾಕಿ ಒರೆಸ್ತಾ ಇದೀನಿ. ಇನ್ನೊಂದು ವಾರ ತಡ ಮಾಡಿದ್ದಿದ್ರೆ ನಾನೇ ಇಟ್ಕೊಂಡು ಬಿಡ್ತಿದ್ದೆ.

ಪೆಟ್ಟಿಗೆ ತೆರೆಯಿತು. ನೀಲಿಗಪ್ಪು ಉಕ್ಕಿನ ಉದ್ದನೆಯ ನಳಿಗೆ, ಟ್ರಿಗರಿಗೆ ಹಿತ್ತಾಳೆಯ ಕಾವಲು, ವಾಲ್ನಟ್ ಮರದ ಹಿಡಿ. ಅಕ್ಕಮ್ಮ ಎಡಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಅದನ್ನೆತ್ತಿದಳು. ಬೆರಳುಗಳು ತಾವಾಗಿಯೇ ಜಾಗ ಹುಡುಕಿಕೊಂಡವು. ಮಾಸ್ಕಿನ ಮೇಲೆ ಅವಳ ಕಣ್ಣು ದೊಡ್ಡದಾಯಿತು.

ಡೋನಲ್: ಹೇಗಿದೆ?

ಅಕ್ಕಮ್ಮ: ಅಯ್ಯೋ ಡೋನಲ್... ಇದು ನನ್ನ ಕೈಯೇ!

ಡೋನಲ್: ಇರಲೇಬೇಕು. ನೀನು ಪೋಸ್ಟಿನಲ್ಲಿ ಕಳಿಸಿದ ಕೈ ಅಚ್ಚು ಇಟ್ಕೊಂಡೇ ಕೆತ್ತಿದ್ದು. ಅದು ಯಾವ ಜೇಡಿಮಣ್ಣು? ನನ್ನ ನಾಯಿ ಅದರ ಹೆಬ್ಬೆರಳು ತಿಂದುಬಿಡ್ತು.

ಅಕ್ಕಮ್ಮ: ಚಪಾತಿ ಹಿಟ್ಟು.

ರುದ್ರಪ್ಪ: (ಕನ್ನಡದಲ್ಲಿ) ಅದಕ್ಕೇ ಆವತ್ತು ನಂಗೆ ಮೂರೇ ಚಪಾತಿ!

ಡೋನಲ್ ಸಿಲಿಂಡರನ್ನು ತಿರುಗಿಸಿ ತೋರಿಸಿದ. ಕಟಕಟ ಎಂದು ಗಡಿಯಾರದ ಹಾಗೆ ಸದ್ದು ಬಂತು.

ಡೋನಲ್: ಆರು ಕೋಣೆ. ಆದರೆ ತುಂಬೋದು ಐದೇ. ಒಂದು ಯಾವಾಗಲೂ ಖಾಲಿ, ಸೇಫ್ಟಿಗೆ.

ರುದ್ರಪ್ಪ: ಒಂದು ಕೋಣೆ ಖಾಲಿನಾ? ಡಬ್ಲಿನ್ನಲ್ಲಾಗಿದ್ರೆ ಬಾಡಿಗೆಗೆ ನೂರು ಜನ ಕ್ಯೂ ನಿಲ್ಲೋರು.

ಡೋನಲ್ ನಕ್ಕು ಅವನ ಕಡೆ ಬೆರಳು ತೋರಿಸಿದ.

ಡೋನಲ್: ಅಕ್ಕಾ, ನೀನು ಈ ಶಿವನಿಗೆ ಥ್ಯಾಂಕ್ಸ್ ಹೇಳಬೇಕು. ಫೆಬ್ರವರಿಯಲ್ಲಿ ಫೋನ್ ಮಾಡಿದ್ದ.

ಅಕ್ಕಮ್ಮ: ಯಾರು, ಇವನಾ? ನಿಮಗಾ?

ರುದ್ರಪ್ಪ: (ಚೀಲದೊಳಗೆ ತಲೆ ತೂರಿಸಿ) ಈ ಕರ್ಪೂರ ಎಲ್ಲಿ ಹೋಯ್ತೋ...

ಡೋನಲ್: ‘ಬೋರ್ ಈಸ್ ಟೂ ಮಚ್, ಡೋನಲ್. ಟೂ ಮಚ್ ಬೋರ್ ಫಾರ್ ಮೈ ವೈಫ್. ಪ್ಲೀಸ್ ಡೂ ಸಮ್‌ಥಿಂಗ್’ ಅಂದ. ದನಿ ನಡುಗ್ತಾ ಇತ್ತು, ಪಾಪ. ಮನೇಲಿ ಕೂತು ಹೆಂಡತಿಗೆ ಅಷ್ಟು ಬೋರ್ ಆಗಿದೆ ಅಂತ ಗಂಡ ಕಣ್ಣೀರು ಹಾಕೋದು ನಾನು ಕಂಡಿರಲಿಲ್ಲ. ಬೇರೆ ಕೆಲಸ ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ಮುಗಿಸಿದೆ. ಇಲ್ಲದಿದ್ರೆ ಇದು ಕ್ರಿಸ್‌ಮಸ್ಸಿಗೇ!

ಅಕ್ಕಮ್ಮ ಗಂಡನನ್ನು ನೋಡಿದಳು. ಆ ಚಳಿಗಾಲದಲ್ಲಿ ಅವಳು ದಿನಕ್ಕೆ ಹನ್ನೆರಡು ಗಂಟೆ ಸ್ವಾಬ್ ಪರೀಕ್ಷೆ ಮಾಡಿ, ಮನೆಗೆ ಬಂದು, ಸ್ನಾನ ಮಾಡಿ, ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಜನವರಿಯಿಂದ ಅವಳು ಬಾಯಿತುಂಬ ನಕ್ಕದ್ದನ್ನು ರುದ್ರಪ್ಪ ಕಂಡಿರಲಿಲ್ಲ. ಈಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಅಕ್ಕಮ್ಮ: ರುದ್ರೂ, ನನಗೋಸ್ಕರ ಫೋನ್ ಮಾಡಿದ್ಯಾ?

ರುದ್ರಪ್ಪ: ಅದು... ಹೂಂ. ನಿಂಗೋಸ್ಕರಾನೇ.

ಅಕ್ಕಮ್ಮ: ಒಂದು ಮಾತೂ ಹೇಳಲಿಲ್ಲ.

ರುದ್ರಪ್ಪ: ಹೇಳೋವಂಥದ್ದು ಏನೂ ಇರಲಿಲ್ಲ ಬಿಡು.

ಮೂವರೂ ಮೈದಾನಕ್ಕಿಳಿದರು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ರುದ್ರಪ್ಪ ಅತಿಥಿಯ ಫಾರಂಗೆ ಸಹಿ ಹಾಕಿ, ರಿವಾಲ್ವರಿಗೆ ದೂರದಿಂದಲೇ ಕುಂಕುಮ ತೋರಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ಒಂದು ಟೈರಿನ ಮರೆಯಲ್ಲಿ ಕೂತ. ಅಕ್ಕಮ್ಮ ಕಾಲು ಅಗಲಿಸಿ ನಿಂತಳು. ಎಡಗೈ ಎತ್ತಿದಳು.

ಢಮ್ಮ್!

ಗುಡುಗೇ ಕ್ವಾರಿಗೆ ಇಳಿದಂತಾಯಿತು. ಒಂದು ಗೂಡ್ಸ್ ರೈಲಿಗೆ ಸಾಲುವಷ್ಟು ಬಿಳಿ ಹೊಗೆ ಎದ್ದು ಅಕ್ಕಮ್ಮ ಅದರೊಳಗೆ ಮಾಯವಾದಳು.

ರುದ್ರಪ್ಪ: ಅಕ್ಕೂ! ಅಕ್ಕೂ! ಇದೀಯಾ?

ಅಕ್ಕಮ್ಮ: (ಹೊಗೆಯೊಳಗಿಂದ) ಹೂಂ! ಇನ್ನೊಂದು!

ಢಮ್ಮ್! ಢಮ್ಮ್! ಐದೂ ಮುಗಿದವು. ಗಾಳಿ ಬೀಸಿ ಹೊಗೆ ಸರಿದಾಗ ಕಾಗದದ ಗುರಿಯ ಮೇಲೆ ಐದು ತೂತು. ಐದನ್ನೂ ಒಂದು ಕಾಫಿ ಲೋಟದಲ್ಲಿ ಮುಚ್ಚಬಹುದಿತ್ತು. ಅಕ್ಕಮ್ಮ ರಿವಾಲ್ವರನ್ನು ಮೇಜಿನ ಮೇಲಿಟ್ಟು ಎರಡೂ ಕೈ ಎತ್ತಿ ಸುತ್ತು ಹೊಡೆದು ಕುಣಿದಳು. ಡೋನಲ್ ಎರಡು ಮೀಟರ್ ದೂರದಲ್ಲೇ ನಿಂತು ಅವಳ ಜೊತೆ ಕುಣಿದ.

ಅಕ್ಕಮ್ಮ: ರುದ್ರೂ, ನೋಡಿದ್ಯಾ! ಕೈಗೆ ಒಂಚೂರೂ ನೋವಿಲ್ಲ. ಬೆಕ್ಕಿನ ಮರಿ ಹಾಗೆ ಮೇಲೆ ನೆಗೆದು ಬಂದು ಕೈಯಲ್ಲೇ ಕೂರುತ್ತೆ! ಎಲ್ಲಾ ನಿನ್ನಿಂದ. ನೀನು ಫೋನ್ ಮಾಡದೇ ಇದ್ದಿದ್ರೆ...

ರುದ್ರಪ್ಪ ಟೈರಿನ ಹಿಂದಿನಿಂದ ಎದ್ದ. ಅವನಿಂದ ತಡೆಯಲಾಗಲಿಲ್ಲ.

ರುದ್ರಪ್ಪ: ಸಾಕು ಕಣೇ, ಹೊಗಳಬೇಡ. ನಾನು ಫೋನ್ ಮಾಡಿದ್ದು ನಿಂಗೆ ಬೋರ್ ಆಗ್ತೈತೆ ಅಂತ ಅಲ್ಲ.

ಅಕ್ಕಮ್ಮ: ಮತ್ತೆ?

ರುದ್ರಪ್ಪ: ಬೋರು ಸಣ್ಣದು ಮಾಡಿ ಅಂತ ಹೇಳಕ್ಕೆ. ತೂತು ಚಿಕ್ಕದಾದ್ರೆ ಸದ್ದೂ ಚಿಕ್ಕದಾಗ್ತೈತೆ ಅಂದ್ಕೊಂಡಿದ್ದೆ. ಆ ಯಪ್ಪಂಗೆ ಅರ್ಥ ಆಗಿದ್ದೇ ಬೇರೆ. ನಿಲ್ಲಿಸಕ್ಕೆ ಹೋಗಿ ನಾನೇ ಬೇಗ ಮಾಡಿಸಿಬಿಟ್ಟೆ.

ಅಕ್ಕಮ್ಮನ ಭುಜ ಅಲುಗತೊಡಗಿತು. ಮೇಜು ಹಿಡಿದು ಬಗ್ಗಿ, ಹೊಟ್ಟೆ ಹಿಡಿದು, ಕೊನೆಗೆ ಹುಲ್ಲಿನ ಮೇಲೆ ಕೂತು ನಕ್ಕಳು. ಜನವರಿಯಿಂದ ಬಾಕಿ ಇದ್ದ ನಗುವೆಲ್ಲ ಒಮ್ಮೆಗೇ ಬಂದಂತಿತ್ತು. ವಿಷಯ ಕೇಳಿ ಡೋನಲ್ ಕೂಡ ಕಣ್ಣೊರೆಸಿಕೊಂಡ. ಬೈಸಿಕೊಳ್ಳಲು ಸಿದ್ಧನಾಗಿದ್ದ ರುದ್ರಪ್ಪ ಅವಳ ನಗು ನೋಡುತ್ತ ತಾನೂ ನಕ್ಕ.

ಡೋನಲ್‌ನ ಕಣ್ಣೆದುರೇ ಅವಳು ಮತ್ತೆ ಐದು ತುಂಬಿದಳು. ಆಮೇಲೆ ಚೀಲದಿಂದ ತೆಂಗಿನಕಾಯಿ ತೆಗೆದು ಮರದ ಕಂಬದ ಮೇಲಿಟ್ಟು ಬಂದಳು.

ರುದ್ರಪ್ಪ: ಏಯ್, ಅದು ಪೂಜೆ ಕಾಯಿ! ಒಡೀಬೇಕಾಗಿರೋದು!

ಅಕ್ಕಮ್ಮ: ಅದಕ್ಕೇ ಇಟ್ಟಿದೀನಿ. ಕೊಡಗಲ್ಲಿ ಕಾಯಿ ಒಡೆಯೋದು ಹೀಗೇ.

ಆದರೆ ಕೈ ನಿಲ್ಲಲಿಲ್ಲ. ಗುರಿ ಹಿಡಿದಾಗೆಲ್ಲ ‘ಟೂ ಮಚ್ ಬೋರ್’ ನೆನಪಾಗಿ ನಗು ನುಗ್ಗುತ್ತಿತ್ತು. ನಾಲ್ಕು ಗುಂಡು ಹಿಂದಿನ ಮಣ್ಣಿನ ದಿಬ್ಬ ಸೇರಿದವು. ಕಾಯಿ ಜುಟ್ಟು ಕೂಡ ಅಲ್ಲಾಡಿಸಲಿಲ್ಲ.

ಅಕ್ಕಮ್ಮ: ನನ್ನ ಕೈಲಾಗಲ್ಲಪ್ಪ. ಉಳಿದದ್ದು ನೀನು ಹೊಡಿ.

ರುದ್ರಪ್ಪ: ನಾನಾ! ಬಲಗೈಯವನು ನಾನು. ಇದು ಎಡಗೈದು.

ಡೋನಲ್: ಒಂದು ಗುಂಡಿಗೆ ಅದು ಬೇಜಾರು ಮಾಡ್ಕೊಳ್ಳಲ್ಲ, ಶಿವಾ. ಎರಡೂ ಕೈಲಿ ಹಿಡಿ. ಬಾಯಿ ಎದುರುಗಡೆ ಇರಲಿ.

ರುದ್ರಪ್ಪ: ಯಾರ ಬಾಯಿ?

ಡೋನಲ್: ರಿವಾಲ್ವರಿಂದು!

ಡೋನಲ್ ಎರಡು ಮೀಟರ್ ಮರೆತು ಪಕ್ಕದಲ್ಲೇ ನಿಂತು ಮೊಣಕೈ ಸರಿಪಡಿಸಿದ. ರುದ್ರಪ್ಪ ಕಾಯಿಯನ್ನು ಒಮ್ಮೆ ನೋಡಿದ. ಉಸಿರೆಳೆದ. ಒತ್ತಿದ.

ಢಮ್ಮ್!

ಹೊಗೆ ಕರಗಿತು. ಕಂಬವಿತ್ತು, ಕಾಯಿ ಇರಲಿಲ್ಲ. ಚಿಪ್ಪಿನ ಚೂರುಗಳು ಕ್ವಾರಿಯ ತುಂಬ ಉದುರುತ್ತಿದ್ದವು.

ಅಕ್ಕಮ್ಮ: (ಬಾಯಿ ಬಿಟ್ಟು) ಹೇಗೋ?

ರುದ್ರಪ್ಪ: ತಿಪಟೂರಿನವನು ಕಣೇ ನಾನು. ಎಲ್ಲಿಟ್ಟರೂ ಕಾಯಿ ನಂಗೆ ಕಾಣ್ತೈತೆ.

ಹೇಳಿದ್ದೇ ತಡ, ರಿವಾಲ್ವರನ್ನು ಮೇಜಿನ ಮೇಲಿಟ್ಟು ಕ್ವಾರಿ ಮಾರ್ದನಿಸುವಂತೆ ಕೇಕೆ ಹಾಕಿದ. ಅಕ್ಕಮ್ಮ ಅವನನ್ನು ತಬ್ಬಿಕೊಂಡಳು. ಮಾಸ್ಕ್ ತೆಗೆದಾಗ ಇಬ್ಬರಿಗೂ ಮೂಗಿನಿಂದ ಮೇಲೆ ಮಸಿ, ಕೆಳಗೆ ಬಿಳಿ.

ಡೋನಲ್: ಗ್ರ್ಯಾಂಡ್! ಏನಾದ್ರೂ ದೂರು ಇದ್ರೆ ಈಗಲೇ ಹೇಳಿ. ಮನೆಗೆ ಹೋಗಿ ಫೋನ್ ಮಾಡಬೇಡಿ, ನನಗೆ ತಪ್ಪು ಕೇಳಿಸುತ್ತೆ.

ರುದ್ರಪ್ಪ: ಒಂದು ದೂರೈತೆ.

ಅಕ್ಕಮ್ಮ: (ಹಲ್ಲು ಕಚ್ಚಿ) ರುದ್ರೂ! ಆ ವಯಸ್ಸಾದವರ ಮುಂದೆ ಏನಾದ್ರೂ ಅಂದ್ರೆ ನೋಡು.

ರುದ್ರಪ್ಪ: ಹೇಳಲೇಬೇಕು. ಡೋನಲ್, ನೀವು ಮಾಡಿರೋದು ಒಂದೇ. ನಾವು ಇಬ್ರಿದೀವಿ.

ಮೂವರೂ ಶೆಡ್ಡಿಗೆ ಮರಳಿದರು. ಡೋನಲ್ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದ. ಕ್ಯಾಲೆಂಡರು ಮುಗಿಯಿತು. ಆಮೇಲೆ ಬೆರಳು ಎಣಿಸಿದ.

ಡೋನಲ್: ಲೈಸೆನ್ಸು ಸಿಕ್ಕಿದ ಮೇಲೆ ಹದಿನೈದು ತಿಂಗಳು.

ರುದ್ರಪ್ಪ: ಹದಿನೈದು ತಿಂಗಳಾ! ಅಲ್ಲಿವರೆಗೂ ನಾನು ಏನ್ ಮಾಡ್ಲಿ?

ಅಕ್ಕಮ್ಮ ಬಿಸಿ ಸೋಪಿನ ನೀರಿನ ಬಕೆಟ್ಟನ್ನು ಅವನ ಮುಂದೆ ತಂದಿಟ್ಟು, ಮಸಿ ಹಿಡಿದ ನಳಿಗೆಯನ್ನೂ ಉದ್ದನೆಯ ಬ್ರಷ್ಷನ್ನೂ ಕೈಗೆ ಕೊಟ್ಟಳು.

ಅಕ್ಕಮ್ಮ: ನಂದು ತೊಳಿ.